ನೋಡುವ ಕಣ್ಣು, ಕಾಣುವ ಕಣ್ಣು

"ನೋಡಿದೆ, ಆದರೆ ಕಾಣಲಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವುದಷ್ಟೆ. ಕಣ್ಣೆದುರಿಗೇ ಇರುವ ಬೀಗದ ಕೈಯನ್ನು ಹುಡುಕಿ ಬೇಸತ್ತವನು ಆಡುವ ಈ ಮಾತಿನಲ್ಲಿ ವಿಚಾರಯೋಗ್ಯವಾದ ತತ್ತ್ವವೊಂದು ಅಡಗಿದೆ. ನೋಡುವುದು ಕಣ್ಣಿನ ವ್ಯಾಪಾರ. ಕಾಣುವುದಾದರೋ ಮನಸ್ಸು ಕಣ್ಣಿನೊಡನೆ ಕೂಡಿದಾಗ ದೊರೆಯುವ ಫಲ. ನಿತ್ಯವೂ ಬಳಸುವ ತಂಬಿಗೆ, ತಟ್ಟೆ, ಮೊರ, ಒನಕೆಗಳನ್ನು ನಾವು ನೋಡುತ್ತೇವೆ; ಕಾಣುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಕೈಗೆ ಸದಾ ಸಿಕ್ಕುವ ವಸ್ತುವು ಕಣ್ಣಿಗೆ ಸಿಕ್ಕದೆ ಹೋಗುತ್ತದೆ. ಇಂತಹ ಸಾಮಾನ್ಯ ವಸ್ತುಗಳಲ್ಲಿ ಸೌಂದರ್ಯವುಂಟೆ? ಉಂಟಾದರೆ ಅದನ್ನು ಕಾಣುವುದರಿಂದ ಗೃಹಸ್ಥನಿಗೆ ಬರುವ ಪ್ರಯೋಜನವೇನು?

ಈ ಪ್ರಶ್ನೆಗೆ ಛಾಯಾಚಿತ್ರಕಲೆಯು ಕೊಡುವ ಉತ್ತರವು ಗಮನಾರ್ಹವಾದುದು. ಕವಿಯು ಇಲ್ಲದುದನ್ನು ಕಲ್ಪಿಸಬಲ್ಲನು. ಚಿತ್ರಕಾರನು ಬೇಡವಾದುದನ್ನು ಬಿಟ್ಟು ಬರೆಯಬಲ್ಲನು. ಛಾಯಾಗ್ರಾಹಕನಿಗಾದರೋ ಎದುರಿಗಿರುವ ವಸ್ತುವೇ ಗತಿ. ಎಲ್ಲಿ ನಿಲ್ಲಬೇಕು, ಎಷ್ಟು ಸಮೀಪಿಸಬೇಕು, ಯಾವ ಬೆಳಕಿಗಾಗಿ ಕಾಯಬೇಕು ಎಂಬುದನ್ನು ನಿರ್ಣಯಿಸುವುದೇ ಆತನ ಮುಖ್ಯ ಸಾಧನೆ. ಆದುದರಿಂದ ಆತನ ಚಿತ್ರದಲ್ಲಿ ಚೆಲುವು ತೋರಿದರೆ, ಅದು ವಸ್ತುವಿನಲ್ಲಿ ಮೊದಲೇ ಇದ್ದಿತೆಂದೂ ನಮ್ಮ ಕಣ್ಣಿಗೆ ತಪ್ಪಿಹೋಗಿತ್ತೆಂದೂ ಒಪ್ಪಬೇಕಾಗುತ್ತದೆ.

ಅಮೆರಿಕಾ ದೇಶದ ಎಡ್ವರ್ಡ್ ವೆಸ್ಟನ್ ಎಂಬ ಛಾಯಾಗ್ರಾಹಕರು 1930ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಊರಿನಲ್ಲಿ ದೊಣ್ಣೆ ಮೆಣಸಿನಕಾಯಿಯ ಚಿತ್ರಗಳನ್ನು ತೆಗೆದರು. ಒಂದೆರಡು ಬಾರಿ ತೆಗೆದು ಅವರು ತೃಪ್ತರಾಗಲಿಲ್ಲ. ಲೋಕಪ್ರಸಿದ್ಧವಾದ ಚಿತ್ರದ ಹೆಸರೇ 'ಮೆಣಸಿನಕಾಯಿ ಸಂಖ್ಯೆ 30'. ಹಿನ್ನೆಲೆಗಾಗಿ ರೇಷ್ಮೆಯನ್ನಾಗಲಿ ಬೆಳ್ಳಿಯ ಪಾತ್ರೆಯನ್ನಾಗಲಿ ಅರಸದೆ, ಎಣ್ಣೆ ಸುರಿಯುವಂತಹ ತಗಡಿನ ಆಲಿಕೆಯೊಂದರ ಬಾಯೊಳಗೆ ಆ ಕಾಯನ್ನಿರಿಸಿದರು. ಆಲಿಕೆಯ ಒಳಮೈಯಿಂದ ಹೊಮ್ಮಿದ ಮೃದುವಾದ ಬೆಳಕು ಕಾಯ ಮಡಿಕೆಗಳನ್ನೆಲ್ಲ ಸುತ್ತುವರಿಯಿತು. ಆ ಚಿತ್ರವನ್ನು ಕಂಡವನಿಗೆ ಮೊದಲು ತೋರುವುದು ತರಕಾರಿಯಲ್ಲ, ಬೆನ್ನು ಬಾಗಿಸಿದ ಮನುಷ್ಯನ ಮೈಕಟ್ಟು. ಇಷ್ಟಾದ ಮೇಲೆ ಅಂತಹ ಕಾಯಿಗಳನ್ನು ಅವರು ಊಟಕ್ಕೇ ಬಳಸುತ್ತಿದ್ದರು. ಚೆಲುವನ್ನು ಕಂಡುದರಿಂದ ಉಪಯೋಗಕ್ಕೆ ಚ್ಯುತಿಯೇನೂ ಬರಲಿಲ್ಲ.

ಯೂರೋಪಿನ ಪ್ರಾಗ್ ನಗರದ ಯೋಸೆಫ್ ಸುದೆಕ್ (1896–1976) ಅವರ ಜೀವನವು ಇನ್ನೂ ಬೋಧಪ್ರದವಾದುದು. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತಿದ್ದ ಅವರು ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡರು. ಕೈಯೊಡನೆ ಕಸುಬೂ ಹೋಯಿತು. ಉಳಿದ ಒಂದು ಕೈಯಿಂದಲೇ ಅವರು ಛಾಯಾಚಿತ್ರಕಲೆಯನ್ನು ಸಾಧಿಸಿದರು. ಜರ್ಮನ್ ಸೇನೆಯು ಆ ನಗರವನ್ನು ಆಕ್ರಮಿಸಿಕೊಂಡಿದ್ದ ದಿನಗಳಲ್ಲಿ, 1940ರಿಂದ ಮೊದಲುಗೊಂಡು, ತಮ್ಮ ಕೆಲಸದ ಕೊಠಡಿಯ ಕಿಟಕಿಯನ್ನೇ ಚಿತ್ರಿಸತೊಡಗಿದರು. ಹನಿಗಟ್ಟಿದ ಗಾಜು, ಅದರಾಚೆ ಡೊಂಕಾದೊಂದು ಮರ, ಕಿಟಕಿಯ ಹಲಗೆಯ ಮೇಲೊಂದು ನೀರಿನ ಲೋಟ. ಈ ಕಿಟಕಿಯು 1954ರವರೆಗೂ ಅವರಿಗೆ ಸಾಕಾಗಲಿಲ್ಲ!

ಇಲ್ಲಿ ಆಕ್ಷೇಪವೊಂದು ಏಳುತ್ತದೆ: "ಹಸಿದವನಿಗೆ ತಟ್ಟೆಯ ಅಂದವೇಕೆ? ಲೋಕದಲ್ಲಿ ದುಃಖವು ತುಂಬಿರುವಾಗ ಲೋಟದ ಮೇಲಣ ಬೆಳಕನ್ನು ನೋಡುತ್ತ ಕೂರುವುದು ಸುಖಿಗಳ ವಿನೋದವಲ್ಲವೆ?" ಈ ಮಾತು ಹಗುರವಾದುದಲ್ಲ. ಕೈ ಕಳೆದುಕೊಂಡು, ಪರಸೈನ್ಯದ ಆಳಿಕೆಯಲ್ಲಿ ಬಾಳಿದ ಸುದೆಕ್ ಅವರನ್ನು ಸುಖಿಗಳೆನ್ನಲು ಬಾರದೆಂಬುದೇನೋ ನಿಜ. ಆದರೂ ಒಬ್ಬರ ಜೀವನದ ದೃಷ್ಟಾಂತದಿಂದಲೇ ಆಕ್ಷೇಪವು ಪರಿಹಾರವಾಗದು. ನನಗೆ ಉತ್ತರವು ದೊರೆತುದು ನನ್ನ ಮನೆಯ ಪಡಸಾಲೆಯಲ್ಲಿ.

ಹಲವು ವರ್ಷಗಳಿಂದ ಅಲಂಕಾರಶಾಸ್ತ್ರವನ್ನು ಪಾಠ ಹೇಳುತ್ತ ಬಂದವನು ನಾನು. ಒಮ್ಮೆ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರವನ್ನು ತೋರಿಸಿ, "ಇದೇನೆಂದು ಹೇಳಿರಿ, ಗುರುಗಳೆ" ಎಂದನು. ದಂತದಂತೆ ನುಣುಪಾದ, ನಡುವೆ ತುಸು ಸವೆದ ಮರ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಅದರ ಎಳೆಗಳು ಹೊಳೆಯ ಅಲೆಗಳಂತೆ ಎದ್ದು ತೋರುತ್ತಿದ್ದವು. ಯಾವುದೋ ಹಳೆಯ ತೇರಿನ ಕಂಬವಿರಬೇಕೆಂದೆನು. ಅವನು ಸುಮ್ಮನೆ ಮೂಲೆಯತ್ತ ಕೈ ತೋರಿದನು. ಅದು ನಮ್ಮ ತಾಯಿಯವರ ಬೀಸುವ ಕಲ್ಲಿನ ಗೂಟ!

ಅವನು ಹೋದ ಬಳಿಕ ಆ ಕಲ್ಲಿನ ಬಳಿ ಕುಳಿತೆನು. ಗೂಟದ ನುಣುಪು ಬಡಗಿಯ ಉಳಿಯಿಂದ ಬಂದುದಾಗಿರಲಿಲ್ಲ. ಬೆಳಗಿನ ಜಾವದಲ್ಲೆದ್ದು ಜೋಳ ಬೀಸಿದ ಅಂಗೈಯಿಂದ ಬಂದುದಾಗಿತ್ತು. ಆ ಹಿಟ್ಟಿನ ರೊಟ್ಟಿಯನ್ನುಂಡೇ ನಾನು ಶಾಸ್ತ್ರವನ್ನೋದಿದುದು. ತಾಯಿಯವರು ಬದುಕಿದ್ದಾಗ ಆ ಅಂಗೈಯನ್ನು ಒಮ್ಮೆಯಾದರೂ ಹಿಡಿದು ನೋಡಿದ ನೆನಪು ನನಗಿಲ್ಲ.

ವಸ್ತುವನ್ನು ಕಾಣದ ಕಣ್ಣು ಅದರ ಹಿಂದಣ ಕಾಯಕವನ್ನೂ ಕಾಣದು. ಲೋಟವನ್ನು ಕಾಣಲು ಕಲಿತವನು ಅದನ್ನು ಬೆಳಗಿದವರನ್ನೂ ಕಂಡಾನು; ತಟ್ಟೆಯನ್ನು ಕಂಡವನಿಗೆ ಬರಿದಾದ ತಟ್ಟೆಯೂ ಕಂಡೀತು. ಆಕ್ಷೇಪಕ್ಕೆ ನಾನು ಕೊಡಬಲ್ಲ ಉತ್ತರವಿದು. ಆದರೆ ಗೂಟದ ನುಣುಪನ್ನು ಮೆಚ್ಚಿ ಅಂಗೈಯ ಬೊಕ್ಕೆಯನ್ನು ಮರೆತರೆ ಆಕ್ಷೇಪವೇ ಗೆಲ್ಲುವುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಇದಕ್ಕೆ ಕ್ಯಾಮೆರಾ ಬೇಕೆಂಬ ನಿಯಮವಿಲ್ಲ. ಇಂದು ಎಲ್ಲರ ಕೈಯಲ್ಲಿಯೂ ಅದಿದೆ. ಒಂದು ನಿಮಿಷದಲ್ಲಿ ನೂರು ಚಿತ್ರಗಳನ್ನು ತೆಗೆದು ಒಂದನ್ನೂ ಕಾಣದಿರುವುದು ಸುಲಭ. ನೆತ್ತಿಯ ಮೇಲಣ ಬಿಸಿಲಿನಲ್ಲಿ ವಸ್ತುಗಳ ಉಬ್ಬುತಗ್ಗುಗಳು ಅಡಗುತ್ತವೆ. ಬೆಳಗು ಬೈಗುಗಳ ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಪ್ರಕಟವಾಗುತ್ತವೆ. ಅಂತಹ ಹೊತ್ತಿನಲ್ಲಿ ಮನೆಯ ಒಂದು ವಸ್ತುವಿನೆದುರು ಸ್ವಲ್ಪ ಕಾಲ ಸುಮ್ಮನೆ ಕುಳಿತು ನೋಡಿರಿ. ಎಲ್ಲಿ ಸವೆದಿದೆ, ಯಾರ ಕೈಯಿಂದ ಸವೆದಿದೆ ಎಂದು ಕೇಳಿಕೊಳ್ಳಿರಿ. ಆ ಕೈಯವರು ಇನ್ನೂ ಮನೆಯಲ್ಲಿ ನಡೆದಾಡುತ್ತಿರುವಾಗಲೇ ಈ ಕೆಲಸವನ್ನು ಮಾಡುವುದು ಲೇಸು.