ಆಡಿದವರ ನೆನಪು, ನೋಡಿದವರ ನೆನಪು

ಅಜ್ಜಿಯ ಕಾಲದ ಅಳಗುಳಿಮಣೆಯನ್ನು ಅಟ್ಟದಿಂದ ಇಳಿಸಿ, ಧೂಳೊರಸಿ, ಅದರ ಗುಳಿಗಳಲ್ಲಿ ಬೆರಳಾಡಿಸುತ್ತ ಹಿರಿಯರೊಬ್ಬರು ಮೌನವಾಗಿ ಕುಳಿತರೆ ನಾವು ಯಾರೂ ನಗುವುದಿಲ್ಲ. ಮರದ ವಸ್ತುವಿಗೆ ನಮ್ಮಲ್ಲಿ ಆ ಮರ್ಯಾದೆ ಉಂಟು. ನಲವತ್ತು ದಾಟಿದ ಗೃಹಸ್ಥರೊಬ್ಬರು ಬೂದು ಬಣ್ಣದ ಪ್ಲಾಸ್ಟಿಕ್ಕಿನ ಆಟದ ಯಂತ್ರವೊಂದನ್ನು, ಬಾಲ್ಯದಲ್ಲಿ ‘ವಿಡಿಯೋ ಗೇಮು’ ಎಂದು ಕರೆಯುತ್ತಿದ್ದುದನ್ನು, ಅಂಗಡಿಯಲ್ಲಿ ಕಂಡು ಹಾಗೆಯೇ ಮೌನವಾದರೆ ಮಾತ್ರ ನಮ್ಮ ತುಟಿಯಂಚಿನಲ್ಲಿ ನಗು ಸುಳಿಯುತ್ತದೆ. ಪ್ಲಾಸ್ಟಿಕ್ಕಿಗಾಗಿ ಇಷ್ಟು ಭಾವವೆ ಎನ್ನುತ್ತೇವೆ. ಈ ನಗು ನ್ಯಾಯವಾದುದೆ ಎಂಬುದು ನಮ್ಮ ಮೊದಲನೆಯ ಪ್ರಶ್ನೆ. ಆ ಮೌನ ನ್ಯಾಯವಾದುದೆ ಎಂಬುದು ಎರಡನೆಯದು. ಇದು ಮೊದಲನೆಯದಕ್ಕಿಂತ ಕಠಿಣವಾದುದು.

ಹೊಸೂರು-ಕೃಷ್ಣಗಿರಿ ಸೀಮೆಯಲ್ಲಿ 1990ರ ದಶಕದಲ್ಲಿ ಬೆಳೆದವರಿಗೆ ಈ ಯಂತ್ರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಇತರ ವಾಚಕರಿಗಾಗಿ ಎರಡು ಮಾತು. ಅಂಗೈಗಿಂತ ತುಸು ಉದ್ದವಾದ ಪೆಟ್ಟಿಗೆ. ಅದರ ಮೇಲೊಂದು ಕಿಂಡಿ. ಕಿಂಡಿಯೊಳಗೆ ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳು. ಮೇಲಿನಿಂದ ಇಟ್ಟಿಗೆಯ ತುಂಡುಗಳು ಇಳಿಯುತ್ತವೆ. ಆಡುವವನು ಅವನ್ನು ತಿರುಗಿಸಿ, ಸರಿಸಿ, ಸಂದುಗಳಿಗೆ ಕೂಡಿಸಬೇಕು. ಸಾಲು ತುಂಬಿದರೆ ಸಾಲು ಕರಗುತ್ತದೆ. ಹೆಸರು ‘ಬ್ರಿಕ್ ಗೇಮ್’. ಮೈಮೇಲೆ ‘9999 ಆಟಗಳು’ ಎಂಬ ಬಿರುದು. ನಿಜವಾದ ಆಟಗಳು ಕೆಲವೇ. ಮಿಕ್ಕುದೆಲ್ಲ ವೇಗದ ಮತ್ತು ಹಂತದ ಹೆಚ್ಚುಕಡಿಮೆ. (ಬಿರುದಾವಳಿಯ ವಿಷಯದಲ್ಲಿ ಈ ಸೀಮೆಯ ಹಳೆಯ ಪಾಳೆಯಗಾರರಿಗೂ ಆ ಯಂತ್ರಕ್ಕೂ ಬಹಳ ಅಂತರವಿದ್ದಂತೆ ತೋರುವುದಿಲ್ಲ.) ಚೀನಾದಲ್ಲಿ ತಯಾರಾದ ಈ ಸರಕು ಒಂದು ಕಡೆ ಮದರಾಸಿನ ಬರ್ಮಾ ಬಜಾರಿನಿಂದಲೂ ಮತ್ತೊಂದು ಕಡೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದಲೂ ಹೊರಟು, ಹೆದ್ದಾರಿಯ ನಡುವೆ ಬಿದ್ದಿರುವ ನಮ್ಮ ಊರುಗಳಿಗೆ ಬರುತ್ತಿತ್ತು. ಬಸ್ ನಿಲ್ದಾಣದ ಫ್ಯಾನ್ಸಿ ಸ್ಟೋರುಗಳಲ್ಲಿ ತೂಗುತ್ತಿತ್ತು. ಬೆಟ್ಟದ ಚಂದ್ರಚೂಡೇಶ್ವರನ ತೇರಿನಂದು ಬಳೆ, ಪೀಪಿ, ಬತ್ತಾಸುಗಳ ಪಕ್ಕದಲ್ಲಿ ತನಗೂ ಒಂದು ಸ್ಥಾನ ಸಂಪಾದಿಸಿಕೊಂಡಿತ್ತು.

ಇದರ ವಂಶಾವಳಿ ದೊಡ್ಡದು. ಇಟ್ಟಿಗೆ ಬೀಳುವ ಆಟವನ್ನು 1984ರಲ್ಲಿ ಮಾಸ್ಕೋದಲ್ಲಿ ಕಲ್ಪಿಸಿದವರು ಅಲೆಕ್ಸಿ ಪಜಿಟ್ನೊವ್. ಅದರ ಹೆಸರು ಟೆಟ್ರಿಸ್. ಸೋವಿಯತ್ ವಿಜ್ಞಾನ ಅಕಾಡೆಮಿಯ ನೌಕರರಾಗಿದ್ದ ಅವರಿಗೆ ಈ ಆಟದ ಸಂಭಾವನೆ ದೊರೆಯತೊಡಗಿದ್ದು 1996ರಲ್ಲಿ. ನಮ್ಮ ತೇರಿನ ಅಂಗಡಿಗಳ ನಕಲು ಯಂತ್ರಗಳಂತೂ ಯಾರ ಅಪ್ಪಣೆಯನ್ನೂ ಕೇಳಿದವಲ್ಲ. ಕೈಯಲ್ಲಿ ಹಿಡಿದಾಡುವ ಯಂತ್ರದ ಕಲ್ಪನೆಯನ್ನು ಬೆಳೆಸಿದವರಲ್ಲಿ ಮುಖ್ಯರು ಜಪಾನಿನ ನಿಂಟೆಂಡೋ ಸಂಸ್ಥೆಯ ಗುನ್‌ಪೈ ಯೊಕೊಯ್. ಅವರ ‘ಗೇಮ್ ಅಂಡ್ ವಾಚ್’ 1980ರಲ್ಲಿಯೂ ಅವರ ತಂಡದ ‘ಗೇಮ್ ಬಾಯ್’ 1989ರಲ್ಲಿಯೂ ಹೊರಬಂದವು. ಗೇಮ್ ಬಾಯ್ ಯಂತ್ರವು ತನ್ನ ವರ್ಣಪರದೆಯ ಉತ್ತರಾಧಿಕಾರಿಯೊಡನೆ ಸೇರಿ ಲೋಕದಲ್ಲೆಲ್ಲ 11 ಕೋಟಿಗೂ ಮೀರಿ ಮಾರಾಟವಾಯಿತು. ನಮ್ಮ ಸೀಮೆಯಲ್ಲಿ ಅದು ಹೊರದೇಶದಲ್ಲಿ ನಂಟರಿದ್ದವರ ಮನೆಯ ವೈಭವ. ಜನಸಾಮಾನ್ಯರ ಪಾಲಿಗೆ ಬಂದುದು ಅದರ ಬಡ ದಾಯಾದಿಯಾದ ಬ್ರಿಕ್ ಗೇಮ್.

ಯೊಕೊಯ್ ಅವರದು ಒಂದು ವಿಚಿತ್ರ ಸಿದ್ಧಾಂತ. ಹೊಚ್ಚ ಹೊಸ ತಂತ್ರದ ಬೆನ್ನು ಹತ್ತಬಾರದು; ಬಾಡಿ ಹಳತಾಗಿ ಅಗ್ಗವಾಗಿರುವ ತಂತ್ರವನ್ನು ತೆಗೆದುಕೊಂಡು ಅದಕ್ಕೆ ಯಾರೂ ನೆನೆಯದ ಉಪಯೋಗವನ್ನು ಹುಡುಕಬೇಕು ಎಂಬುದು. ಗೇಮ್ ಬಾಯ್ ಹುಟ್ಟಿದ ವರ್ಷವೇ ಪ್ರತಿಸ್ಪರ್ಧಿ ಸಂಸ್ಥೆಯೊಂದು ಬಣ್ಣದ, ಒಳಗಿನಿಂದ ಬೆಳಗುವ ಪರದೆಯ ಯಂತ್ರವನ್ನು ತಂದಿತು. ಅದು ಸೆಲ್ಲುಗಳನ್ನು ಬಕಾಸುರನಂತೆ ನುಂಗುತ್ತಿತ್ತು. ಯೊಕೊಯ್ ಬಣ್ಣವನ್ನೂ ಬೆಳಕನ್ನೂ ಬಿಟ್ಟರು. ನಮ್ಮ ಬ್ರಿಕ್ ಗೇಮಿಗೂ ಸ್ವಂತ ಬೆಳಕು ಇರಲಿಲ್ಲ. ಈ ಸಣ್ಣ ಸಂಗತಿಯಲ್ಲಿಯೇ ನಮ್ಮ ಪ್ರಶ್ನೆಯ ಮರ್ಮವಿದೆ ಎಂದು ನಮಗೆ ತೋರುತ್ತದೆ.

ಬೆಳಕಿಲ್ಲದ ಯಂತ್ರವನ್ನು ಹೊದಿಕೆಯೊಳಗೆ ಆಡಲಾಗದು. ಆಡಬೇಕಾದರೆ ಜಗಲಿಗೆ ಬರಬೇಕು, ಸಂಜೆಯಾದರೆ ಬೀದಿಯ ದೀಪದ ಕಂಬದ ಬುಡಕ್ಕೆ ಹೋಗಬೇಕು. ಜಗಲಿಗೆ ಬಂದವನು ಒಬ್ಬನೇ ಆಗಿ ಉಳಿಯುವುದು ಹಳ್ಳಿಯಲ್ಲಿ ಸಾಧ್ಯವೆ? ಎಡಕ್ಕೊಬ್ಬ, ಬಲಕ್ಕೊಬ್ಬ, ಹೆಗಲ ಮೇಲೆ ಗದ್ದವನ್ನೂರಿ ಒಬ್ಬ. ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದು ನಿಂತ ಹುಡುಗಿ ಒಬ್ಬಳು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಎಂದು ಬದುಕುವ ಸೀಮೆ ಇದು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಗಡಿಯ ಗೆರೆಯನ್ನು ಎಲ್ಲಿ ಎಳೆದರೂ ಮನೆಗಳ ನಡುವಿನ ಗೋಡೆ ಒಂದೇ ಆಗಿ ಉಳಿಯಿತು. ಆ ಯಂತ್ರಕ್ಕೋ ಅಂಕಿಗಳ ಹೊರತು ಭಾಷೆಯೇ ಇರಲಿಲ್ಲ. ದೀಪದ ಕಂಬದ ಬುಡದಲ್ಲಿ ಮೂರು ಭಾಷೆಗಳ ಮಕ್ಕಳಿಗೂ ಬೇಕಾಗಿದ್ದ ಮಾತು ಒಂದೇ: ‘ಚಾನ್ಸು’. ನಿನ್ನ ಚಾನ್ಸು ಮುಗಿಯಿತು, ನನ್ನ ಚಾನ್ಸು ಕೊಡು. ಮಾವಿನಕಾಯಿಯ ಹೋಳೊಂದಕ್ಕೆ ಒಂದು ಚಾನ್ಸು. ಮಗ್ಗಿ ಬರೆದುಕೊಟ್ಟರೆ ಎರಡು.

ಇನ್ನು ಸೆಲ್ಲಿನ ಕಥೆ. ಸೆಲ್ಲು ಸೋತಾಗ ಅದನ್ನು ಬಿಸಿಲಿಗೆ ಇಟ್ಟು ಜೀವ ಬರಿಸುತ್ತಿದ್ದುದು, ಅದೂ ಸಾಲದಾದಾಗ ಗೋಡೆಯ ಗಡಿಯಾರದ ಸೆಲ್ಲನ್ನು ಕಿತ್ತುದು ಅನೇಕ ಮನೆಗಳಲ್ಲಿ ನಡೆದ ಮಾತು. ಟೈಟನ್ ಗಡಿಯಾರಗಳು ತಯಾರಾಗುವ ಊರಾದ ಹೊಸೂರಿನಲ್ಲಿಯೇ ಮಕ್ಕಳು ಗಡಿಯಾರವನ್ನು ನಿಲ್ಲಿಸಿ ಆಟವನ್ನು ನಡೆಸುತ್ತಿದ್ದರೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಸೆಲ್ಲು ತೆಗೆದೊಡನೆ ಯಂತ್ರವು ಹಿಂದಿನ ಗರಿಷ್ಠ ಅಂಕವನ್ನು ಮರೆತುಬಿಡುತ್ತಿತ್ತು. ಎಂಥ ವೀರನ ದಾಖಲೆಯೂ ಒಂದು ಕ್ಷಣದಲ್ಲಿ ಸೊನ್ನೆ. ಆದ್ದರಿಂದ ದಾಖಲೆಗೆ ಸಾಕ್ಷಿ ಬೇಕಾಗುತ್ತಿತ್ತು, ಮತ್ತು ಆ ಸಾಕ್ಷಿ ಯಾರು? ಪಕ್ಕದಲ್ಲಿ ನಿಂತು ನೋಡಿದವನು. ಅವನು ಹೌದೆಂದರೆ ದಾಖಲೆ ಉಂಟು, ಇಲ್ಲವೆಂದರೆ ಇಲ್ಲ.

ಈಗ ತತ್ತ್ವದ ಮಾತಿಗೆ ಬರೋಣ. ಗತಕಾಲದ ಹಂಬಲಕ್ಕೆ ಪಶ್ಚಿಮದವರು ‘ನಾಸ್ಟಾಲ್ಜಿಯಾ’ ಎನ್ನುತ್ತಾರೆ. 1688ರಲ್ಲಿ ಬಾಸೆಲ್ ನಗರದ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಮನೆಯಿಂದ ದೂರವಾದವರ ಕೊರಗನ್ನು ರೋಗವೆಂದು ಬಗೆದು, ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಹೆಸರಿಟ್ಟನು. ಆಗ ಅದು ಸ್ಥಳದ ಹಂಬಲ. ಊರಿಗೆ ಕಳುಹಿಸಿದರೆ ವಾಸಿಯಾಗುತ್ತಿತ್ತು. ಕಾಲದ ಹಂಬಲಕ್ಕೆ ಅಂಥ ಬಸ್ಸು ಯಾವುದೂ ಇಲ್ಲ. ನಮ್ಮ ನೈಯಾಯಿಕರು ಇನ್ನೂ ಎಚ್ಚರಿಕೆಯವರು. ಸ್ಮೃತಿಯನ್ನು ಅವರು ಅನುಭವದಿಂದ ಬೇರೆಯಾಗಿಟ್ಟರು. ಹಿಂದಿನ ಅನುಭವ ಬಿಟ್ಟುಹೋದ ಸಂಸ್ಕಾರದಿಂದ ಅದು ಹುಟ್ಟುವುದರಿಂದ ಅದಕ್ಕೆ ಪ್ರಮೆಯ ಪದವಿಯನ್ನು ಕೊಡಲಿಲ್ಲ. ಮೂಲದ ಅನುಭವ ಎಷ್ಟು ಸರಿಯೋ ನೆನಪೂ ಅಷ್ಟೇ ಸರಿ ಎಂಬುದು ಅವರ ನಿಲುವು. ಈ ನಿಲುವನ್ನು ನಮ್ಮ ಆಟಕ್ಕೆ ಹಚ್ಚಿ ನೋಡಿದರೆ ಒಂದು ಕುತೂಹಲದ ಫಲ ಹೊರಡುತ್ತದೆ.

ಆಡುತ್ತಿದ್ದವನು ಕಂಡುದೇನು? ಬೀಳುವ ಇಟ್ಟಿಗೆ. ಅವನ ಕಣ್ಣು ಆ ಇನ್ನೂರು ಚೌಕಗಳನ್ನು ಬಿಟ್ಟು ಕದಲುವಂತಿರಲಿಲ್ಲ, ಕದಲಿದರೆ ಔಟು. ನೋಡುತ್ತ ನಿಂತವನು ಮಾತ್ರ ಇಟ್ಟಿಗೆಯನ್ನೂ ಕಂಡ, ಆಡುವವನ ಮುಖವನ್ನೂ ಕಂಡ, ಪಕ್ಕದವನ ಕಾತರವನ್ನೂ ಕಂಡ, ತಾನು ಕಾಯುತ್ತಿರುವುದನ್ನೂ ಅರಿತ. ಆ ಸಂಜೆಯ ಪೂರ್ಣವಾದ ಅನುಭವ ಅವನದು. ಆದ್ದರಿಂದ ನೆನಪಿನ ಯಥಾರ್ಥತೆಯೂ ಅವನಲ್ಲಿಯೇ ಹೆಚ್ಚು. ಹೀಗಿದ್ದರೂ ಇಂದು ಬಾಲ್ಯದ ಆಟದ ಯಂತ್ರವನ್ನು ಕುರಿತು ಹಾಡಿಹೊಗಳುವವರಲ್ಲಿ ಹೆಚ್ಚಿನವರು ಅದನ್ನು ಪಡೆದಿದ್ದವರು. ಅವರ ವರ್ಣನೆಯಲ್ಲಿ ಯಂತ್ರವಿದೆ, ಅಂಕವಿದೆ, ತಂದೆ ಅದನ್ನು ಕೊಡಿಸಿದ ದಿನವಿದೆ. ಹೆಗಲ ಮೇಲೆ ಗದ್ದವೂರಿದವನು ಕಾಣುವುದಿಲ್ಲ. ಅವನನ್ನು ಅಳಿಸಿದ ಮೇಲೆಯೇ ಆ ನೆನಪು ಅಷ್ಟು ಸಿಹಿಯಾಗಿದೆಯೋ ಏನೋ ಎಂದು ನಮಗೆ ಸಂದೇಹ.

ಹಾಗಾದರೆ ಪಡೆಯದಿದ್ದವನಿಗೆ ಹಂಬಲವಿಲ್ಲವೆ? ಉಂಟು, ಮತ್ತು ಅದು ಇನ್ನೂ ತೀಕ್ಷ್ಣ. ಕಾಳಿದಾಸನ ನಾಟಕದ ಐದನೆಯ ಅಂಕದಲ್ಲಿ ದುಷ್ಯಂತನು ಹಾಡೊಂದನ್ನು ಕೇಳಿ, ಅಗಲಿದವರು ಯಾರೂ ತನ್ನ ನೆನಪಿನಲ್ಲಿ ಇಲ್ಲದಿದ್ದರೂ ಅಕಾರಣವಾಗಿ ಕಳವಳಗೊಳ್ಳುತ್ತಾನೆ. ಮರೆತದ್ದಕ್ಕಾಗಿಯೂ ಮನಸ್ಸು ಹಂಬಲಿಸಬಲ್ಲದು ಎಂದು ಕವಿ ಬಲ್ಲ. ಎಂದೂ ಪಡೆಯದಿದ್ದುದಕ್ಕಾಗಿ ಹಂಬಲಿಸುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅಂದು ನೋಡುತ್ತ ನಿಂತ ಹುಡುಗ ಇಂದು ಸಿಪ್‌ಕಾಟ್ ಕಾರ್ಖಾನೆಯಲ್ಲಿಯೋ ಬೆಂಗಳೂರಿನ ಕಚೇರಿಯಲ್ಲಿಯೋ ದುಡಿದು, ಹಳೆಯ ಮಾದರಿಯ ಯಂತ್ರವೊಂದನ್ನು ತರಿಸಿಕೊಳ್ಳುತ್ತಾನೆ. ಈಗ ಅವು ನೂರಾರು ಆಟಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಳಗಿನಿಂದ ಬೆಳಗುತ್ತ ಬರುತ್ತವೆ. ಹತ್ತು ನಿಮಿಷ ಆಡಿ ಅವನು ಅದನ್ನು ಮೇಜಿನ ಮೇಲೆ ಇಡುತ್ತಾನೆ. ಯಂತ್ರ ಕೆಟ್ಟಿಲ್ಲ. ಅವನು ಹಂಬಲಿಸಿದ್ದು ತನಗೆ ಯಂತ್ರ ಕೊಟ್ಟ ಕೈಯನ್ನು. ‘ಹಿಡಿ, ನಿನ್ನ ಚಾನ್ಸು’ ಎಂಬ ಮಾತನ್ನು. ಅದನ್ನು ತರಿಸಿಕೊಳ್ಳಲಾಗದು.

ಇಲ್ಲಿ ಒಂದು ಆಕ್ಷೇಪವನ್ನು ನಾವೇ ಎತ್ತಬೇಕು. ಅಂದಿನ ಹಂಚಿಕೆಗೆ ಕಾರಣ ಗುಣವಲ್ಲ, ಅಭಾವ. ಪ್ರತಿಯೊಬ್ಬನಿಗೂ ಒಂದೊಂದು ಇದ್ದಿದ್ದರೆ ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಆದ್ದರಿಂದ ಅದನ್ನು ಹೊಗಳುವುದು ಬಡತನವನ್ನು ಹೊಗಳಿದಂತೆ ಎಂದು ಹೇಳಬಹುದು. ಆಕ್ಷೇಪ ಬಲವಾದುದೇ ಸರಿ. ಬಡತನಕ್ಕೆ ಹೂಮಾಲೆ ಹಾಕುವ ಚಾಳಿ ಸಾಹಿತ್ಯದಲ್ಲಿ ಬೇಕಾದಷ್ಟಿದೆ. ನಮ್ಮದೂ ಒಂದು ಮಾಲೆ ಬೇಕಾಗಿಲ್ಲ. ಆದರೆ ಅಭಾವವು ಸಂದರ್ಭವನ್ನು ಒದಗಿಸಿತು, ನಿರ್ಣಯವನ್ನಲ್ಲ. ಯಂತ್ರವನ್ನು ಹಿಡಿದವನು ಎದ್ದು ಒಳಗೆ ಹೋಗಬಹುದಾಗಿತ್ತು. ಎಷ್ಟೋ ಮಂದಿ ಹಾಗೆ ಹೋದರು. ಕೆಲವರು ತಮ್ಮ ಆಟ ಮುಗಿದೊಡನೆ ಕೈ ನೀಡಿದರು. ಇನ್ನು ಕೆಲವರು ಮುಗಿಯುವ ಮೊದಲೇ ನೀಡಿದರು. ಎಂಟು ವರ್ಷದ ಹುಡುಗನೊಬ್ಬನ ಕೈಗೆ ಇಷ್ಟು ಸ್ವಾತಂತ್ರ್ಯವಿದ್ದ ಗಳಿಗೆಗಳು ಅವನ ದಿನದಲ್ಲಿ ಬೇರೆ ಎಷ್ಟಿದ್ದವು? ಊಟ, ಶಾಲೆ, ನಿದ್ದೆ, ಎಲ್ಲವೂ ದೊಡ್ಡವರ ಅಪ್ಪಣೆ. ಚಾನ್ಸು ಕೊಡುವುದು, ಬಿಡುವುದು ಮಾತ್ರ ಅವನ ಸ್ವಂತ ಧರ್ಮ.

ಇದರಿಂದ ನಮ್ಮ ಮಕ್ಕಳ ಮೇಲೆ ತೀರ್ಪು ಕೊಡುವ ಅಧಿಕಾರ ನಮಗೆ ಬರುತ್ತದೆಯೆ? ನಮ್ಮ ಆಟ ಮುಗ್ಧ, ನಿಮ್ಮ ಮೊಬೈಲು ವಿಷ. ನಮಗೆ ಕಾಯುವುದು ಗೊತ್ತಿತ್ತು, ನಿಮಗೆ ಗೊತ್ತಿಲ್ಲ ಎಂದು ದಿನಕ್ಕೊಮ್ಮೆ ಹೇಳದ ತಂದೆತಾಯಿಗಳು ವಿರಳ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನೊಳಗೆ ಬಂದಾಗ ಒಂದೇ ಫೋನಿದ್ದ ಮನೆಗಳಲ್ಲಿ ನಡೆದುದನ್ನು ಅವರು ನೆನೆಯಬೇಕು. ಅಕ್ಕನ ತರಗತಿ ಮುಗಿಯುವ ತನಕ ತಮ್ಮ ಕಾಯುತ್ತಿದ್ದ. ತಂದೆ ಫೋನನ್ನು ಕೆಲಸಕ್ಕೆ ಒಯ್ದ ದಿನ ಇಬ್ಬರಿಗೂ ಪಾಠವಿಲ್ಲ. ಬೆಟ್ಟದ ಸೀಮೆಯ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿಕೊಂಡು ದಿಣ್ಣೆ ಹತ್ತಬೇಕಾಗಿತ್ತು. ಅಲ್ಲಿಯೂ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕಿದರು. ಕಾಯುವುದನ್ನು ಅರಿಯದ ಪೀಳಿಗೆ ಎಂದು ಅವರನ್ನು ಕರೆಯುವುದು ಸುಳ್ಳು. ಅವರು ಕಾದದ್ದು ಆಟಕ್ಕಾಗಿ ಅಲ್ಲ ಎಂಬುದೊಂದೇ ವ್ಯತ್ಯಾಸ.

ಹಾಗೆಂದು ಎರಡೂ ಯಂತ್ರಗಳು ಒಂದೇ ಎನ್ನುವುದೂ ಸಾಧ್ಯವಿಲ್ಲ. ಫೋನು ತಾನೇ ಬೆಳಗುತ್ತದೆ. ದೀಪದ ಕಂಬ ಅದಕ್ಕೆ ಬೇಡ, ಜಗಲಿ ಬೇಡ, ಸಾಕ್ಷಿ ಬೇಡ. ದಾಖಲೆಯನ್ನು ಅದೇ ಕಾಪಾಡುತ್ತದೆ, ಕಾಪಾಡುವುದಲ್ಲದೆ ಯಾರು ಯಾರಿಗೋ ತಿಳಿಸುತ್ತದೆ. ಹೊಸೂರಿನ ಬಳಿ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಐಫೋನಿನ ಭಾಗಗಳು ಇಂದು ತಯಾರಾಗುತ್ತಿವೆ. ದುಡಿಯುವವರಲ್ಲಿ ಬಹುಪಾಲು ತರುಣಿಯರು, ದೂರದೂರದ ಜಿಲ್ಲೆಗಳಿಂದ ಬಂದು ವಸತಿಗೃಹಗಳಲ್ಲಿ ಇರುವವರು. ಆಟದ ಯಂತ್ರಗಳನ್ನು ಚೀನಾದಿಂದ ಕೊಳ್ಳುತ್ತಿದ್ದ ಸೀಮೆ ಲೋಕದ ಕೈಗಳಿಗೆ ಯಂತ್ರದ ಅಂಗಗಳನ್ನು ಕಳುಹಿಸುವ ಸೀಮೆಯಾಗಿದೆ. ನಮ್ಮ ಬ್ರಿಕ್ ಗೇಮನ್ನು ಬೆಸೆದ ಬೆರಳುಗಳು ಯಾರವೆಂದು ನಾವು ಬಾಲ್ಯದಲ್ಲಿ ಕೇಳಲಿಲ್ಲ; ಇವರನ್ನು ಕುರಿತು ದೂರದ ಮಕ್ಕಳೂ ಕೇಳಲಾರರು.

ನಮ್ಮ ಸಂಘದಂಥ ಕೂಟಗಳಲ್ಲಿ ಹಳೆಯ ಆಟಗಳ ಮಾತು ಬಂದಾಗ ಅಂಕಗಳನ್ನು ಹೇಳಿಕೊಳ್ಳುವವರು ಮೂರು ನಾಲ್ಕು ಮಂದಿ ಇರುತ್ತಾರೆ. ಸುಮ್ಮನೆ ಕುಳಿತವರು ಒಬ್ಬಿಬ್ಬರು. ಆ ಸುಮ್ಮನಿರುವವರನ್ನು ಕೇಳಿನೋಡಬೇಕು. ಯಂತ್ರದ ಬಣ್ಣ, ಗುಂಡಿಯ ಸದ್ದು, ಆಟ ಬಿಗಿಯಾದಾಗ ಆಡುವವನ ನಾಲಗೆಯ ತುದಿ ಹಲ್ಲುಗಳ ನಡುವೆ ಕಾಣಿಸುತ್ತಿದ್ದುದು, ಎಲ್ಲವನ್ನೂ ಅವರು ಹೇಳುತ್ತಾರೆ. ತಮಗೆ ಎಷ್ಟು ಚಾನ್ಸು ಸಿಕ್ಕಿತು, ಯಾರು ಕೊಟ್ಟರು ಎಂಬುದನ್ನೂ ಹೆಸರು ಹಿಡಿದು ಹೇಳುತ್ತಾರೆ. ಆ ಲೆಕ್ಕ ಒಂದು ಕೈಯ ಬೆರಳುಗಳನ್ನು ದಾಟುವುದಿಲ್ಲ.