ಬೋಧನೆಯ ಸುಧಾರಣೆಗೆ ಒರೆಗಲ್ಲು

ಬಿತ್ತಿದವನೇ ಬೆಳೆಯ ತೂಕವನ್ನು ಹೇಳತಕ್ಕವನಾದರೆ ಆ ತಕ್ಕಡಿಯಲ್ಲಿ ವಿಶ್ವಾಸವಿಡುವುದು ಕಷ್ಟ. ವಿಶ್ವವಿದ್ಯಾನಿಲಯಗಳ ಬೋಧನಕ್ರಮವನ್ನು ಉತ್ತಮಗೊಳಿಸಲು ಕೈಕೊಂಡ ಯೋಜನೆಗಳ ಫಲವನ್ನು ಅಳೆಯುವಲ್ಲಿಯೂ ಇದೇ ತೊಡಕುಂಟು. ಎಷ್ಟು ಅಧ್ಯಾಪಕರು ತರಬೇತು ಹೊಂದಿದರು, ಎಷ್ಟು ಗ್ರಂಥಗಳು ಸಿದ್ಧವಾದವು, ಎಷ್ಟು ಹಣ ವೆಚ್ಚವಾಯಿತು ಎಂಬ ಲೆಕ್ಕವು ಸುಲಭವಾದುದು. ಆದರೆ ಇವು ಪ್ರಯತ್ನದ ಅಳತೆಗಳೇ ಹೊರತು ಫಲದ ಅಳತೆಗಳಲ್ಲ.

ಈ ಪ್ರಾಂತಕ್ಕೆ ಹತ್ತಿರವಾದ ನಿದರ್ಶನವೊಂದನ್ನು ನೋಡಬಹುದು. ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಉನ್ನತ ವಿದ್ಯೆಯನ್ನು ಪರದೇಶದ ನುಡಿಯನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಕಲಿಸಬೇಕೆಂಬುದು ಅದರ ಸಂಕಲ್ಪ. ಉರ್ದು ಮಾಧ್ಯಮವಾಯಿತು, ಭಾಷಾಂತರ ಶಾಖೆಯು ನಾನಾ ಶಾಸ್ತ್ರಗ್ರಂಥಗಳನ್ನು ಆ ನುಡಿಗೆ ತಂದು, ಹೊಸ ಪಾರಿಭಾಷಿಕ ಪದಗಳನ್ನು ರಚಿಸಿತು. ಗ್ರಂಥಾಲಯದ ಕಪಾಟನ್ನು ಕಂಡವನು ಇದನ್ನು ಮಹಾಸಾಧನೆಯೆನ್ನುವನು. ಆ ಮಾತು ಸುಳ್ಳಲ್ಲ. ಆದರೆ ಭೀಮೆಯ ದಡದಲ್ಲಿ ಕನ್ನಡವಾಡಿ ಬೆಳೆದ ಹುಡುಗನ ಪಾಲಿಗೆ ಇಂಗ್ಲಿಷಿನಂತೆ ಉರ್ದುವೂ ಈಸಿ ದಾಟಬೇಕಾದ ಇನ್ನೊಂದು ಹೊಳೆಯೇ ಆಗಿದ್ದಿತು. ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಉರ್ದು ಅವನ ಕಿವಿಗೆ ಬೀಳುತ್ತಿದ್ದಿತಲ್ಲವೇ ಎಂದು ಆಕ್ಷೇಪಿಸಬಹುದು. ನಿಜವೇ, ಆದರೆ ಕಿವಿಗೆ ಬಿದ್ದ ಭಾಷೆಯಲ್ಲಿ ವ್ಯಾಪಾರ ಮಾಡುವುದು ಬೇರೆ, ಶಾಸ್ತ್ರಚಿಂತನೆ ಮಾಡುವುದು ಬೇರೆ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಇಂಗ್ಲಿಷು ಮಾಧ್ಯಮವಾಯಿತು. ಪ್ರಯೋಗದ ಫಲವು ಪೂರ್ಣವಾಗಿ ಕಾಣುವ ಮೊದಲೇ ಪ್ರಯೋಗವು ನಿಂತಿತು.

ಸುರಪುರದ ಇತಿಹಾಸವು ಇನ್ನೂ ಸೂಕ್ಷ್ಮವಾದ ಪ್ರಶ್ನೆಯನ್ನೆತ್ತುವುದು. ಎಳೆಯ ದೊರೆ ರಾಜಾ ವೆಂಕಟಪ್ಪನಾಯಕನ ವಿದ್ಯಾಭ್ಯಾಸದ ಮೇಲ್ವಿಚಾರಣೆಯನ್ನು ಅಲ್ಲಿಯ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ನೋಡಿಕೊಂಡನು. 1858ರಲ್ಲಿ ಆ ಶಿಷ್ಯನು ಬ್ರಿಟಿಷರ ವಿರುದ್ಧ ಎದ್ದು, ಅದೇ ವರ್ಷ ಮಡಿದನು. ಕಂಪನಿಯ ಎಣಿಕೆಯಲ್ಲಿ ಆ ಶಿಕ್ಷಣವು ವಿಫಲ. ನಾಡಿನ ಎಣಿಕೆಯಲ್ಲಿ ಆ ದೊರೆ ವೀರ. ಯಾರ ಉದ್ದೇಶವನ್ನು ಮುಂದಿಟ್ಟು ಅಳೆಯಬೇಕು? ಶಿಷ್ಯನ ನಡೆಯಲ್ಲಿ ಗುರುವಿನ ಪಾಲೆಷ್ಟು, ಕಾಲದ ಪಾಲೆಷ್ಟು?

ಇದರಿಂದ ಅಳತೆಯೇ ವ್ಯರ್ಥವೆಂದು ಹೇಳಕೂಡದು. ಅಳೆಯದ ಯೋಜನೆಯು ತನ್ನ ತಪ್ಪನ್ನು ತಾನೇ ಕಾಣಲಾರದು. 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯು ಮಹಾವಿದ್ಯಾಲಯಗಳನ್ನು ಪರೀಕ್ಷಿಸಿ ಶ್ರೇಣಿ ಕೊಡುತ್ತ ಬಂದುದೂ ಇದಕ್ಕಾಗಿಯೇ. ಆದರೆ ಪರೀಕ್ಷಕನು ಮೂರು ಮಾತುಗಳನ್ನು ಕೇಳದೆ ಬಿಡಬಾರದು: ಯೋಜನೆಯಿಲ್ಲದಿದ್ದರೂ ಈ ಫಲ ಬರುತ್ತಿತ್ತೇ? ವರ್ಷಗಳು ಕಳೆದ ಮೇಲೂ ಅದು ಉಳಿಯಿತೇ? ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಅದು ಮುಟ್ಟಿತೇ?

ಇನ್ನೊಂದು ಮಾತೂ ಉಂಟು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 52ಕ್ಕಿಂತಲೂ ಕಡಿಮೆಯಿದ್ದು, ಕರ್ನಾಟಕದಲ್ಲಿಯೇ ಕೊನೆಯದಾಗಿತ್ತು. ಬಾಗಿಲೊಳಗೆ ಬಂದವರ ಅಂಕಗಳು ಏರಿದವೆಂದು ಸಂತೋಷಪಡುವಾಗ, ಬಾಗಿಲವರೆಗೂ ಬಾರದವರನ್ನು ಮರೆತ ಲೆಕ್ಕವು ಗಣಿತದಲ್ಲಿ ಸರಿಯಾಗಿರಬಹುದು, ಧರ್ಮದಲ್ಲಿ ಸರಿಯಾಗಲಾರದು.