ಆತನಿಗೆ ನಿನ್ನ ಹೆಸರು ಗೊತ್ತು

ವಾಕ್ಯಭಾಗ: ಯೆಶಾಯ 40:26-27



ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ನ್ಯಾಮತಿಯ ಒಬ್ಬ ತಂಗಿ ಕೇಳಿದಳು: "ಪಾಸ್ಟರಣ್ಣ, ಮನೇಲಿ, ಕಾಲೇಜಲ್ಲಿ, ಸಭೇಲಿ, ಎಲ್ಲಾ ಕಡೆ ನಾನು ಅಕ್ಕನ ತಂಗಿ ಅಷ್ಟೇ. ದೇವರಿಗಾದ್ರೂ ನನ್ನ ಹೆಸರು ಗೊತ್ತಾ?" ನನಗೆ ನಾಚಿಕೆ ಆಯ್ತು. ಯಾಕಂದ್ರೆ ಎರಡು ವರ್ಷದಿಂದ ನಾನೂ ಅವಳನ್ನ ಹಾಗೇ ಕರೀತಿದ್ದೆ.

ಒಂದು ವಿಷಯ ಹೇಳ್ತೀನಿ, ಗಮನ ಕೊಡಿ. 2015ರ ಸೆಪ್ಟೆಂಬರ್ 28ರಂದು ನಮ್ಮ ಇಸ್ರೋ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರಲ್ಲಿ ನೇರಳಾತೀತ ಬೆಳಕನ್ನು ನೋಡುವ ದೂರದರ್ಶಕ ಇದೆ. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಆ ಬೆಳಕಲ್ಲಿ ಚೆನ್ನಾಗಿ ಹೊಳೆಯುತ್ತವೆ. ಆದರೆ ನಮ್ಮ ವಾಯುಮಂಡಲ ಅದನ್ನು ಬಹುಪಾಲು ತಡೆಯುತ್ತೆ, ಅದಕ್ಕೇ ದೂರದರ್ಶಕ ಮೇಲೆ ಹೋಗಬೇಕು.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಅದರಿಂದ ಎನ್‌ಜಿಸಿ 7733, ಎನ್‌ಜಿಸಿ 7734 ಎಂಬ ಸುರುಳಿ ಗೆಲಾಕ್ಸಿಗಳ ಜೋಡಿಯನ್ನು ನೋಡಿದರು. 7733ರ ತೋಳಿನಲ್ಲಿ ಒಂದು ಹೊಳೆಯುವ ಗಂಟು ಕಾಣ್ತು. ನೋಡಿದರೆ ತೋಳಿನದೇ ಭಾಗ ಅನ್ನಬೇಕು. ಚಿಲಿ ದೇಶದ ದೊಡ್ಡ ದೂರದರ್ಶಕದ ಮಾಹಿತಿ ಸೇರಿಸಿ ಪರೀಕ್ಷಿಸಿದಾಗ, ಆ ಗೆಲಾಕ್ಸಿಯ ವೇಗವೇ ಬೇರೆ, ಇದರ ವೇಗವೇ ಬೇರೆ! ಅದು ತೋಳಿನ ತುಂಡಲ್ಲ, ಮೂರನೇ ಗೆಲಾಕ್ಸಿ. ಅದರ ನಡುವೆಯೂ ಒಂದು ಬೃಹತ್ ಕಪ್ಪುಕುಳಿ ಇದೆ ಅಂತ 2021ರಲ್ಲಿ ಪ್ರಕಟಿಸಿದರು. ಅದಕ್ಕಿಟ್ಟ ಹೆಸರು ಏನು ಗೊತ್ತಾ? 7733ಎನ್. ಪಕ್ಕದವರ ನಂಬರಿಗೇ ಒಂದು ಅಕ್ಷರ ಸೇರಿಸಿದ್ದು. ಅಕ್ಕನ ತಂಗಿ!

ನಮ್ಮ ನ್ಯಾಮತಿಯೂ ಮೊದಲು ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತಲ್ವಾ? ಸರ್ಕಾರ ತಾಲ್ಲೂಕು ಅಂತ ಹೇಳೋ ಮುಂಚೆಯೂ ಅಲ್ಲಿ ಊರಿತ್ತು, ಜನ ಇದ್ರು.

ಪ್ರಿಯರೇ, 26ನೇ ವಚನದಲ್ಲಿ ದೇವರು ನಕ್ಷತ್ರಗಳನ್ನು ಲೆಕ್ಕಮಾಡಿ ಒಂದೊಂದನ್ನೂ ಹೆಸರಿಡಿದು ಕರೆಯುತ್ತಾನೆ. ಅಲ್ಲಿಗೇ ನಿಲ್ಲಿಸಬೇಡಿ. 27ನೇ ವಚನ ಓದಿ. ನನ್ನ ದಾರಿ ದೇವರ ಕಣ್ಣಿಗೆ ಬಿದ್ದಿಲ್ಲ ಅಂತ ಇಸ್ರಾಯೇಲ್ಯರು ಗೊಣಗುತ್ತಿದ್ದಾರೆ. ಆ ತಂಗಿ ಕೇಳಿದ್ದೂ ಅದೇ ಪ್ರಶ್ನೆ. ಅಂಥ ಜನರಿಗೇ ಆತನು, ತಲೆ ಎತ್ತಿ ಆಕಾಶ ನೋಡಿ ಅಂದದ್ದು. ಮನುಷ್ಯರಿಗೆ ಗಂಟಾಗಿ ಕಂಡದ್ದು ಸೃಷ್ಟಿಕರ್ತನಿಗೆ ಒಂದು ದಿನವೂ ಹಾಗೆ ಕಾಣಲಿಲ್ಲ. ನೀನೂ ಅಷ್ಟೇ. ನೀನು ಯಾರದೋ ನೆರಳಲ್ಲ. ನಿನ್ನ ಹೆಸರು ಹಿಡಿದು ಯೇಸು ಶಿಲುಬೆಗೆ ಹೋದನು. ಹಲ್ಲೆಲೂಯಾ!

ಹೊರಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಪಕ್ಕದಲ್ಲಿ ಕೂತವರ ಹೆಸರು ಕೇಳಿ, ಆ ಹೆಸರು ಹೇಳಿ ಈ ವಾರವೆಲ್ಲಾ ಪ್ರಾರ್ಥಿಸಿ. ನಾನು ಆ ತಂಗಿಯಿಂದ ಶುರು ಮಾಡಿದೀನಿ.

ತಂದೆಯೇ, ನಮ್ಮನ್ನು ಹೆಸರಿನಿಂದ ಬಲ್ಲಾತನೇ, ಒಬ್ಬರನ್ನೊಬ್ಬರು ಸರಿಯಾಗಿ ನೋಡುವ ಕಣ್ಣು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.